ಸೋಲಾರ್ ಹೀಟರ್ ಎಷ್ಟು ಲೀಟರಿಂದು ಬೇಕು? ಬಕೆಟ್ ಹಿಡಿದು ಹಾಕಿದ ಲೆಕ್ಕ

ಮೈಸೂರಿನಲ್ಲಿ ಸೋಲಾರ್ ಹೀಟರ್ ಅಂಗಡಿಗೆ ಹೋದರೆ ಮೊದಲು ಕೇಳುವುದು ಒಂದೇ. "ಮನೇಲಿ ಎಷ್ಟು ಜನ ಮೇಡಂ?" ಐದು ಜನ ಅಂದೆ. "ಬಾತ್‌ರೂಮ್?" ಎರಡು. "ಹಾಗಾದ್ರೆ ಮುನ್ನೂರು ಲೀಟರ್ ಹಾಕ್ಸಿಬಿಡಿ, ತಲೆನೋವೇ ಇರಲ್ಲ." ಇನ್ನೊಂದು ಅಂಗಡಿಯಲ್ಲಿ ಅದೇ ಐದು ಜನಕ್ಕೆ ನೂರೈವತ್ತು ಸಾಕು ಅಂದರು. ಯಾರು ಯಾವಾಗ ಸ್ನಾನ ಮಾಡುತ್ತಾರೆ, ಎಷ್ಟು ನೀರು ಹುಯ್ದುಕೊಳ್ಳುತ್ತಾರೆ ಅಂತ ಇಬ್ಬರೂ ಕೇಳಲಿಲ್ಲ. ಹಾಗಾಗಿ ಲೆಕ್ಕ ನಾನೇ ಹಾಕಿದೆ.

ಮೊದಲು ಬಕೆಟ್. ನಮ್ಮ ಬಚ್ಚಲಿನ ಬಕೆಟ್ ಮೇಲೆ 20 ಲೀಟರ್ ಅಂತ ಇದೆ, ಆದರೆ ಯಾರೂ ಅಂಚಿನವರೆಗೆ ತುಂಬಿಸುವುದಿಲ್ಲ. ಲೀಟರ್ ಬಾಟಲಿಯಲ್ಲಿ ಹುಯ್ದು ನೋಡಿದರೆ ನಾವು ತುಂಬಿಸುವ ಮಟ್ಟಕ್ಕೆ 18 ಲೀಟರ್. ಅತ್ತೆಗೆ ಒಂದೂವರೆ ಬಕೆಟ್ ಬೇಕು. ತಲೆಸ್ನಾನದ ದಿನಗಳನ್ನೂ ಸೇರಿಸಿದರೆ ನನಗೂ ಸರಾಸರಿ ಅಷ್ಟೇ. ನಮ್ಮ ಯಜಮಾನರದು ಒಂದೇ ಬಕೆಟ್. ಮಕ್ಕಳಿಬ್ಬರದು ಶವರ್. ಶವರ್ ಕೆಳಗೆ ಅದೇ ಬಕೆಟ್ ಇಟ್ಟು ಮೊಬೈಲಲ್ಲಿ ಟೈಮ್ ನೋಡಿದೆ, ಎರಡು ನಿಮಿಷಕ್ಕೆ ತುಂಬಿತು. ಅಂದರೆ ನಿಮಿಷಕ್ಕೆ 9 ಲೀಟರ್. ಆರು ನಿಮಿಷ ನಿಂತರೆ 54 ಲೀಟರ್, ಮೂರು ಬಕೆಟ್! (ಆರು ನಿಮಿಷ ಅನ್ನೋದು ಅವರು ಒಪ್ಪಿಕೊಂಡ ಲೆಕ್ಕ. ನಾನು ಬಾಗಿಲು ತಟ್ಟದಿದ್ದರೆ ಎಷ್ಟೋ.) ಎಲ್ಲ ಕೂಡಿಸಿದರೆ 180 ಲೀಟರ್.

ಇದು ಮೈಮೇಲೆ ಬೀಳುವ ಬೆರಕೆ ನೀರು. ಟ್ಯಾಂಕಿನಿಂದ ಇಷ್ಟೂ ಬರಬೇಕಾಗಿಲ್ಲ. ಸ್ನಾನಕ್ಕೆ 41 ಡಿಗ್ರಿ ಇದ್ದರೆ ಹಿತ. ಒಳ್ಳೆ ಬಿಸಿಲಿನ ದಿನ ಟ್ಯಾಂಕಿನಲ್ಲಿ 60 ಡಿಗ್ರಿ ಸಿಗುತ್ತೆ, ತಣ್ಣೀರು 24 ಅಂತ ಇಟ್ಟುಕೊಳ್ಳಿ. ತಣ್ಣೀರು 17 ಡಿಗ್ರಿ ಏರಬೇಕು, ಬಿಸಿನೀರು ಅದಕ್ಕಿಂತ 36 ಡಿಗ್ರಿ ಮೇಲಿದೆ. ಹಾಗಾದರೆ 36ರಲ್ಲಿ 17 ಪಾಲು ಬಿಸಿನೀರು, ಅರ್ಧಕ್ಕಿಂತ ಸ್ವಲ್ಪ ಕಮ್ಮಿ. 180 ಲೀಟರಿಗೆ 85 ಸಾಕು. ಪಾತ್ರೆ ತೊಳೆಯುವುದಕ್ಕೆ 15, ಪೈಪಿನಲ್ಲಿ ತಣ್ಣಗಾಗಿ ಸುಮ್ನೆ ಹೋಗುವುದು 12. ಒಟ್ಟು 112 ಲೀಟರ್.

ಟ್ಯಾಂಕಿನ ಅಷ್ಟೂ ನೀರು ಬಿಸಿಯಾಗಿ ಕೈಗೆ ಸಿಗುವುದಿಲ್ಲ. ಮೇಲಿನಿಂದ ಬಿಸಿನೀರು ಹೊರಟಷ್ಟೂ ಕೆಳಗಿನಿಂದ ತಣ್ಣೀರು ಒಳಗೆ ಬರುತ್ತೆ, ಕೊನೆಕೊನೆಗೆ ಎರಡೂ ಬೆರೆಯುತ್ತೆ. ನಾನು ನೂರಕ್ಕೆ 80 ಮಾತ್ರ ಲೆಕ್ಕಕ್ಕೆ ಹಿಡಿದೆ. 150 ಲೀಟರಿನ ಟ್ಯಾಂಕಿನಲ್ಲಿ 120 ಸಿಗುತ್ತೆ, 112 ಬೇಕು. ಎರಡನೇ ಅಂಗಡಿಯವರು ಹೇಳಿದ್ದು ಸರಿ, ಬಿಸಿಲಿದ್ದರೆ.

ಬಿಸಿಲಿಲ್ಲದಿದ್ದರೆ? ನಮ್ಮ ಊರಲ್ಲಿ ಸೋಲಾರ್‌ಗೆ ಕಷ್ಟದ ಕಾಲ ಚಳಿಗಾಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಮಂಜಿದ್ದರೂ ಹೊತ್ತೇರಿದ ಮೇಲೆ ಆಕಾಶ ತಿಳಿಯಾಗಿರುತ್ತೆ. ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣಕ್ಕೆ ಮುಖ ಮಾಡಿದ ಪ್ಯಾನೆಲ್ ಮೇಲೆ ನೆಟ್ಟಗೆ ಬೀಳುತ್ತಾನೆ. ಕಷ್ಟ ಇರುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಆಷಾಢದ ಗಾಳಿ, ದಿನವಿಡೀ ಮೋಡ. ಅದರ ಜೊತೆಗೆ ಇನ್ನೊಂದು ವಿಷಯ: ಮೈಸೂರು ಇರುವುದು 12.3 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 20ರ ಆಚೀಚೆಯಿಂದ ಆಗಸ್ಟ್ 20ರ ಆಚೀಚೆವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಪ್ಯಾನೆಲ್ ಮುಖ ದಕ್ಷಿಣಕ್ಕೆ, ಸೂರ್ಯ ಉತ್ತರಕ್ಕೆ. ಅದಕ್ಕೇ ಸ್ಟ್ಯಾಂಡನ್ನು ಜಾಸ್ತಿ ಕಡಿದಾಗಿ ನಿಲ್ಲಿಸಬಾರದು. ಅಕ್ಷಾಂಶಕ್ಕೆ 10ರಿಂದ 15 ಡಿಗ್ರಿ ಸೇರಿಸಿದರೆ ಸಾಕು. ನಮ್ಮದು 25ರ ಆಸುಪಾಸಿನಲ್ಲಿದೆ.

ಮೋಡವಿದ್ದು ಆಗೀಗ ಬಿಸಿಲು ಬರುವ ದಿನ ಟ್ಯಾಂಕಿನಲ್ಲಿ 45 ಡಿಗ್ರಿ ಅಂತ ಹಿಡಿಯಿರಿ, ತಣ್ಣೀರು 23. ಈಗ ಅದೇ ಸ್ನಾನಕ್ಕೆ 22ರಲ್ಲಿ 18 ಪಾಲು ಬಿಸಿನೀರು ಬೇಕು. 180ಕ್ಕೆ 147 ಲೀಟರ್. ಪಾತ್ರೆ, ಪೈಪು ಸೇರಿ 174. 200 ಲೀಟರಿನ ಟ್ಯಾಂಕ್ 160 ಕೊಡುತ್ತೆ, ಸ್ವಲ್ಪದರಲ್ಲಿ ಸಾಲದು. ಶವರ್ ಒಂದೊಂದು ನಿಮಿಷ ಕಮ್ಮಿ ಮಾಡಿಸಿದರೆ ಸಾಲುತ್ತೆ. ಹೀಗೆ 200ಕ್ಕೆ ನಿಂತೆ.

300 ಯಾಕೆ ಬೇಡ ಅಂದರೆ, ಟ್ಯಾಂಕ್ ದೊಡ್ಡದಾದ ಹಾಗೆ ಬಿಸಿಲು ಹೀರಿ ನೀರು ಕಾಯಿಸುವ ಗಾಜಿನ ಟ್ಯೂಬೂ ಅದೇ ಪ್ರಮಾಣದಲ್ಲಿ ಜಾಸ್ತಿಯಾಗುತ್ತೆ. ಮೋಡದ ದಿನ 300 ಲೀಟರಿನದು ಅದೇ 45 ಡಿಗ್ರಿ ನೀರನ್ನು ಜಾಸ್ತಿ ಕೊಡುತ್ತೆ ಅಷ್ಟೇ, ಅದಕ್ಕಿಂತ ಬಿಸಿಯಾದ ನೀರು ಕೊಡಲ್ಲ. ಮಾರ್ಚ್, ಏಪ್ರಿಲ್‌ನಲ್ಲೋ ಯಾರಿಗೂ ಬೇಡದ ಬಿಸಿನೀರು ಟ್ಯಾಂಕಿನಲ್ಲಿ ಕೂತಿರುತ್ತೆ. ನೀರು ಕಾದಷ್ಟೂ ಬಿಳಿ ಗಸಿ ಕಟ್ಟುವುದೂ ಜಾಸ್ತಿ. ಇನ್ನು "ದಸರಾಗೆ ನೆಂಟರು ಬರ್ತಾರಲ್ಲ" ಅನ್ನೋ ಮಾತು. ಮೈಸೂರಿನಲ್ಲಿ ಮನೆ ಇದ್ದ ಮೇಲೆ ಬಂದೇ ಬರ್ತಾರೆ. ನೀರು ತುಂಬೋ ಹಬ್ಬಕ್ಕೂ ಬರ್ತಾರೆ. ಆ ಒಂದು ವಾರಕ್ಕೆ ಅಂತ ವರ್ಷವಿಡೀ ನೂರು ಲೀಟರ್ ಜಾಸ್ತಿ ಹೊತ್ತುಕೊಂಡಿರುವುದು ನನಗೆ ಸರಿ ಕಾಣಲಿಲ್ಲ.

ಗೃಹಜ್ಯೋತಿ ಬಂದ ಮೇಲೆ ಸೋಲಾರ್ ಯಾಕೆ, ಕರೆಂಟ್ ಫ್ರೀ ಅಲ್ವಾ ಅಂತ ಕೇಳಿದವರೂ ಇದ್ದಾರೆ. ಲೆಕ್ಕ ನೋಡಿ. ಒಂದು ಯೂನಿಟ್ ಕರೆಂಟಿಗೆ 860 ಲೀಟರ್ ನೀರು ಒಂದು ಡಿಗ್ರಿ ಏರುತ್ತೆ. ನಮ್ಮ 112 ಲೀಟರನ್ನು 36 ಡಿಗ್ರಿ ಏರಿಸಲು ದಿನಕ್ಕೆ 4.7 ಯೂನಿಟ್, ತಿಂಗಳಿಗೆ 140. ಉಚಿತ ಅಂತ ಸಿಗುವುದು 2022-23ರ ನಿಮ್ಮ ಸರಾಸರಿ ಬಳಕೆ, ಅದಕ್ಕೆ ನೂರಕ್ಕೆ ಹತ್ತು ಸೇರಿಸಿದಷ್ಟು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಗೀಸರ್ ಒಂದೇ 140 ತಿಂದರೆ ಫ್ರಿಡ್ಜು, ಮಿಕ್ಸಿ, ಫ್ಯಾನಿಗೆ ಉಳಿಯೋದೆಷ್ಟು? ಹಾಗಂತ ಅಂಗಡಿಯವರ ಉಳಿತಾಯದ ಪಟ್ಟಿಯನ್ನೂ ನಂಬಬೇಡಿ. ಅವರು 200 ಲೀಟರನ್ನೂ ದಿನಾ ಖಾಲಿ ಮಾಡುತ್ತೀರಿ ಅಂತ ಹಿಡಿದು 8 ಯೂನಿಟ್‌ಗೂ ಮೇಲೆ ತೋರಿಸುತ್ತಾರೆ. ನೀವು ಬಳಸಿದಷ್ಟೇ ಉಳಿಯುವುದು.

ತಾಮ್ರದ ಫ್ಲಾಟ್ ಪ್ಲೇಟೋ, ಗಾಜಿನ ಟ್ಯೂಬೋ ಅನ್ನೋದನ್ನ ನಮ್ಮ ಸಂಪು ತೀರ್ಮಾನ ಮಾಡಿತು. ನಮ್ಮಲ್ಲಿ ಕಾವೇರಿ ನೀರೂ ಬೋರ್ ನೀರೂ ಒಂದೇ ಸಂಪಿಗೆ ಬೀಳುತ್ತೆ. ಕುಕ್ಕರ್ ತಳದಲ್ಲಿ ಬಿಳಿ ಪೊರೆ ಕಟ್ಟುವ ಮನೆ ನಮ್ಮದು. ಫ್ಲಾಟ್ ಪ್ಲೇಟಿನ ಒಳಗಿರುವುದು ಅರ್ಧ ಇಂಚಿನ ತಾಮ್ರದ ಕೊಳವೆಗಳು. ಅವುಗಳಲ್ಲಿ ಸುಣ್ಣ ಕಟ್ಟಿದರೆ ಬಿಡಿಸುವುದು ಕಷ್ಟ. ಗಾಜಿನ ಟ್ಯೂಬನ್ನು ಹೊರಗೆ ತೆಗೆದು ನಿಂಬೆ ಉಪ್ಪಿನ ನೀರು ಹಾಕಿ ತೊಳೆಯಬಹುದು, ಒಡೆದರೆ ಅದೊಂದನ್ನೇ ಬದಲಾಯಿಸಬಹುದು. ಬರೀ ಕಾವೇರಿ ನೀರಿನ ಮನೆಯಾದರೆ ನಾನು ತಾಮ್ರದ್ದೇ ಹಾಕಿಸುತ್ತಿದ್ದೆ, ಬಾಳಿಕೆ ಚೆನ್ನಾಗಿದೆ.

ಟ್ಯೂಬಿನದು ತಗೊಳ್ಳುವವರು ಒಂದು ಮಾತು ಕೇಳಲೇಬೇಕು: 200 ಲೀಟರ್ ಅಂದರೆ ಟ್ಯಾಂಕ್ ಮಾತ್ರವೋ, ಟ್ಯೂಬ್ ಒಳಗಿನ ನೀರೂ ಸೇರಿಯೋ? 58 ಮಿಲಿಮೀಟರ್ ದಪ್ಪ, 1800 ಉದ್ದದ ಟ್ಯೂಬಿನೊಳಗೆ ಎರಡೂವರೆ ಲೀಟರ್ ಹಿಡಿಯುತ್ತೆ. ಇಪ್ಪತ್ತು ಟ್ಯೂಬಿಗೆ 50 ಲೀಟರ್. ಅದು ಟ್ಯಾಂಕಿಗಿಂತ ಕೆಳಗಿರುವ ನೀರು, ನಲ್ಲಿಗೆ ಬರುವುದೇ ಇಲ್ಲ. ನಾನು ನೋಡಿದ ಒಂದು ಕೊಟೇಶನ್‌ನಲ್ಲಿ ಅದನ್ನೂ ಸೇರಿಸಿಯೇ 200 ಅಂತ ಬರೆದಿದ್ದರು. ಕೇಳಿದಾಗ "ಎಲ್ಲರೂ ಹಂಗೇ ಹಾಕೋದು ಮೇಡಂ" ಅಂದರು. ಹಂಗೇನಿಲ್ಲ. ಟ್ಯಾಂಕಿನ ಲೀಟರ್, ಟ್ಯೂಬಿನ ಅಳತೆ, ಟ್ಯೂಬ್ ಎಷ್ಟು, ಮೂರನ್ನೂ ಬೇರೆಬೇರೆಯಾಗಿ ಬರೆಸಿಕೊಳ್ಳಿ.

ತಾರಸಿ ಮೇಲೆ ಎಲ್ಲಿಡುವುದು ಅನ್ನೋದಕ್ಕೆ ಲೀಟರಿಗಿಂತ ಜಾಸ್ತಿ ತಲೆ ಕೆಡಿಸಿಕೊಂಡೆ. ನಮ್ಮ ಕಡೆ ವಾಸ್ತು ಅಂತ ನೀರಿನ ಟ್ಯಾಂಕ್ ನೈಋತ್ಯಕ್ಕೇ ಹೋಗುತ್ತೆ, ಅದೂ ಎತ್ತರದ ಸ್ಟ್ಯಾಂಡ್ ಮೇಲೆ. ಚಳಿಗಾಲದಲ್ಲಿ ಮಧ್ಯಾಹ್ನ ಕಳೆದ ಮೇಲೆ ಸೂರ್ಯ ನೈಋತ್ಯದ ಕಡೆಯೇ ಇರುವುದು. ಅಂದರೆ ಟ್ಯಾಂಕಿನ ನೆರಳು ಈಶಾನ್ಯಕ್ಕೆ ಉದ್ದಕ್ಕೆ ಚಾಚುತ್ತೆ. ಫಿಟ್ಟಿಂಗ್ ಮಾಡುವ ಹುಡುಗ ಪೈಪ್ ಉಳಿಯುತ್ತೆ ಅಂತ ತೋರಿಸಿದ ಜಾಗ ಸರಿಯಾಗಿ ಆ ನೆರಳಿನೊಳಗೆ. ಡಿಸೆಂಬರ್‌ನಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಯಾವುದೇ ವಸ್ತುವಿನ ನೆರಳು ಅದರ ಎತ್ತರದ ಒಂದೂವರೆ ಪಟ್ಟು ಇರುತ್ತೆ, ಮಧ್ಯಾಹ್ನ ಮುಕ್ಕಾಲು ಪಟ್ಟು. ಟೇಪ್ ಹಿಡಿದು ಪಕ್ಕದ ಮನೆಯ ತೆಂಗಿನ ಮರ, ನಮ್ಮ ಮೆಟ್ಟಿಲಿನ ಕೋಣೆ ಎಲ್ಲಾ ನೋಡಿದ ಮೇಲೆ ಉಳಿದದ್ದು ಆಗ್ನೇಯ ಮೂಲೆ. ಅತ್ತೆ ಮಂಡ್ಯ ಕಡೆಯವರು, ತೆಂಗಿನ ಮಟ್ಟೆ ಹಾಕಿ ಹಂಡೆ ಕಾಯಿಸಿದವರು, ಸೋಲಾರ್ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಜಾಗ ಕೇಳಿದ ಮೇಲೆ "ಬೆಂಕಿ ಮೂಲೇಲೇ ನೀರು ಕಾಯ್ತದೆ ಅಂದ್ರೆ ಸರ್ಯಾಗೇ ಅದೆ ಬುಡವ್ವ" ಅಂದರು.

ಎತ್ತರದ ವಿಷಯ ಚಿಕ್ಕದು, ಆದರೆ ಬಿಡುವ ಹಾಗಿಲ್ಲ. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಒಂದಡಿಯಾದರೂ ಮೇಲಿರಲಿ. ಸೋಲಾರ್ ಟ್ಯಾಂಕಿನ ಗಾಳಿ ಹೊರಹೋಗುವ ಪೈಪಿನ ಬಾಯಿ ತಣ್ಣೀರಿನ ಟ್ಯಾಂಕ್ ತುಂಬಿದಾಗ ನಿಲ್ಲುವ ಮಟ್ಟಕ್ಕಿಂತ ಎತ್ತರ ಇರಲಿ, ಇಲ್ಲದಿದ್ದರೆ ಅದರಿಂದಲೇ ನೀರು ಹರಿಯುತ್ತೆ. ಪ್ರೆಶರ್ ಪಂಪ್ ಇರುವ ಮನೆಯಾದರೆ ಒತ್ತಡ ತಡೆಯುವ ಟ್ಯಾಂಕೇ ಬೇಕು. ಸ್ಟ್ಯಾಂಡಿಗೆ ತಾರಸಿ ಕೊರೆಯಲು ಬಿಡಬೇಡಿ. ಕಾಂಕ್ರೀಟ್ ದಿಮ್ಮಿಗೆ ಬೋಲ್ಟ್ ಹಾಕಿಸಿದರೆ ಗಾಳಿಗೂ ಅಲುಗಲ್ಲ, ಸೋರುವ ಭಯವೂ ಇಲ್ಲ.

ಆಗ್ನೇಯಕ್ಕೆ ಹೋಗಿದ್ದಕ್ಕೆ ಪೈಪ್ ಉದ್ದವಾಯಿತು, ಸ್ನಾನದ ಮನೆಗೆ 16 ಮೀಟರ್. ಮುಕ್ಕಾಲು ಇಂಚಿನ ಸಿಪಿವಿಸಿಯಲ್ಲಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪ್) ಮೀಟರಿಗೆ ಸುಮಾರು ಕಾಲು ಲೀಟರ್ ನಿಲ್ಲುತ್ತೆ. ಹಾಗಾಗಿ ಪೈಪ್ ಆರಿದಾಗಲೆಲ್ಲ ನಾಲ್ಕು ಲೀಟರ್ ತಣ್ಣೀರು ಮೊದಲು ಬರುತ್ತೆ. ಬೆಳಗ್ಗೆ ಮೂರು ಸಲ ಹೀಗಾಗುತ್ತೆ ಅಂತ ಮೇಲೆ 12 ಹಿಡಿದದ್ದು. ಆ ನೀರನ್ನು ಬಕೆಟ್‌ಗೆ ಹಿಡಿದು ಬಟ್ಟೆಗೆ ಇಡುತ್ತೇವೆ. ಪೈಪಿಗೆ ಕಪ್ಪು ಫೋಮ್ ಸುತ್ತಿಸಿದರೆ ಬೇಗ ಆರಲ್ಲ, ಆದರೆ ಬರೀ ಫೋಮ್ ಬಿಸಿಲಿಗೆ ಪುಡಿಯಾಗುತ್ತೆ. ಮೇಲೆ ಅಲ್ಯೂಮಿನಿಯಂ ಟೇಪ್ ಇರಲಿ. ಅಡುಗೆಮನೆಗೆ ಅರ್ಧ ಇಂಚಿನ ಕವಲು ಸಾಕು.

ಫಿಟ್ಟಿಂಗ್ ಮುಗಿದಾಗ ಉರಿ ಮಧ್ಯಾಹ್ನ. ನೀರು ಬಿಟ್ಟು ತೋರಿಸುತ್ತೇನೆ ಅಂತ ಹುಡುಗ ವಾಲ್ವ್‌ಗೆ ಕೈ ಹಾಕಿದ. ಬೇಡ ಅಂದೆ. ಬಿಸಿಲಲ್ಲಿ ಖಾಲಿ ನಿಂತ ಟ್ಯೂಬ್ ಒಳಗೆ ವಿಪರೀತ ಕಾದಿರುತ್ತೆ, ತಣ್ಣೀರು ಬಿದ್ದರೆ ಗಾಜು ಸೀಳುತ್ತೆ. ಹಳೇ ಬೆಡ್‌ಶೀಟ್ ಹೊದಿಸಿ, ಹೊತ್ತು ಮುಳುಗಿದ ಮೇಲೆ ತುಂಬಿಸಿದೆವು. ಊರಿಗೆ ಹೋಗಿ ಬಂದಾಗ ಟ್ಯಾಂಕ್ ಖಾಲಿಯಾಗಿದ್ದರೂ ಇದೇ ನಿಯಮ.

ಟ್ಯಾಂಕಿನೊಳಗೆ ಕರೆಂಟ್ ಕಾಯಿಲ್ ಹಾಕಿಸಲಿಲ್ಲ. ಒಬ್ಬರ ಸ್ನಾನಕ್ಕೂ ಅದು 200 ಲೀಟರನ್ನೂ ಕಾಯಿಸುತ್ತೆ. 30ರಿಂದ 45ಕ್ಕೆ ತರಲು ಮೂರೂವರೆ ಯೂನಿಟ್ ಬೇಕು. ಬದಲಿಗೆ ಕೆಳಗಿನ ಬಾತ್‌ರೂಮಿನಲ್ಲಿ 15 ಲೀಟರಿನ ಗೀಸರ್ ಇದೆ. ಮಳೆಗಾಲದಲ್ಲೂ ನೆಂಟರು ತುಂಬಿದಾಗಲೂ ಅದನ್ನೇ ಹಾಕುವುದು. ಅಂಥ ದಿನ ಬಕೆಟ್ ಸ್ನಾನದವರು ಮೊದಲು, ಶವರ್‌ನವರು ಕೊನೆಗೆ. ಮಕ್ಕಳಿಗೆ ಈ ಸಾಲು ಇಷ್ಟ ಇಲ್ಲ, ಆದರೂ ಹಾಗೇ ನಡೆಯುತ್ತಿದೆ.