ಇಪ್ಪತ್ತೈದು ಅಡಿ ನಡಿಗೆ, ಒಂಬತ್ತು ಕಡ್ಡಿ: ಎಂಎಸ್ ಅಳೆಯುವ ನನ್ನ ಅನುಭವ

“ಇನ್ನು ಹತ್ತು ವರ್ಷಕ್ಕೆ ನಾನು ನಡೆಯುತ್ತಿರುತ್ತೇನೆಯೇ, ಮೇಡಂ?” ಮಿದುಳು ಮತ್ತು ಬೆನ್ನುಹುರಿಯ ನರಗಳ ಕವಚ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂದು ಗೊತ್ತಾದವರಲ್ಲಿ ಹೆಚ್ಚಿನವರು ಇದನ್ನು ಕೇಳುತ್ತಾರೆ. ನಾನು ನರರೋಗ ವಿಭಾಗದ ಫಿಸಿಯೋಥೆರಪಿಸ್ಟ್. ಔಷಧ ಬರೆಯುವುದು ನರತಜ್ಞರ ಕೆಲಸ, ಅಳೆದು ಕಡತದಲ್ಲಿ ಬರೆದಿಡುವುದು ನನ್ನದು. ಒಂದು ದಿನದ ಅಳತೆ ನೋಡಿ ಈ ಪ್ರಶ್ನೆಗೆ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ.

ಎಂಎಸ್‌ನಿಂದಾದ ಊನವನ್ನು ಅಂಕದಲ್ಲಿ ಹೇಳಲು ಎಲ್ಲ ಕಡೆಯೂ ಬಳಕೆಯಲ್ಲಿರುವ ಅಳತೆಗೋಲು ಇಡಿಎಸ್‌ಎಸ್. ಅಮೆರಿಕದ ನರತಜ್ಞ ಜಾನ್ ಕರ್ಟ್ಸ್‌ಕೆ ತಮ್ಮ ಹಳೆಯ ಅಳತೆಯನ್ನೇ 1983ರಲ್ಲಿ ವಿಸ್ತರಿಸಿ ಇದನ್ನು ರೂಪಿಸಿದರು. ಸೊನ್ನೆ ಎಂದರೆ ಪರೀಕ್ಷೆಯಲ್ಲಿ ಯಾವ ದೋಷವೂ ಇಲ್ಲ, ಹತ್ತು ಎಂದರೆ ಈ ಕಾಯಿಲೆಯಿಂದ ಸಾವು. ಕೆಳಗಿನ ಅಂಕಗಳಲ್ಲಿ ಕಣ್ಣು, ಸ್ನಾಯುಬಲ, ಸಮತೋಲನ, ಸ್ಪರ್ಶ, ಮೂತ್ರದ ಹಿಡಿತ ಎಲ್ಲಕ್ಕೂ ಪಾಲುಂಟು. ನಾಲ್ಕಕ್ಕೆ ಬಂದರೆ ನಡಿಗೆಯದೇ ದರ್ಬಾರು. ಆಸರೆಯಿಲ್ಲದೆ 500 ಮೀಟರ್ ನಡೆದರೆ 4.0. ನೂರು ಮೀಟರಿಗೆ ಒಂದು ಕೋಲು ಬೇಕಾದರೆ 6.0. ಎರಡೂ ಕಡೆ ಆಸರೆ ಹಿಡಿದು 20 ಮೀಟರ್ ಸಾಗಿದರೆ 6.5.

ಆದರೆ ನಮ್ಮಲ್ಲಿ ಕೋಲು ಹಿಡಿಯುವವರು ಯಾರು? ಕೊಡೆ ಹಿಡಿಯುತ್ತಾರೆ, ಮಗಳ ಭುಜ ಹಿಡಿಯುತ್ತಾರೆ. “ಆಸರೆ ಬೇಡ, ಚೆನ್ನಾಗಿಯೇ ನಡೆಯುತ್ತೇನೆ” ಎಂದವರ ಹಿಂದೆ ಮೊಗಸಾಲೆಯಲ್ಲಿ ನಡೆದರೆ ಬೆರಳ ತುದಿಗಳು ಗೋಡೆಯನ್ನು ಸವರುತ್ತಿರುವುದು ಕಾಣುತ್ತದೆ. ಆದ್ದರಿಂದ ನಾನು ಕೋಲಿನ ಮಾತೆತ್ತುವುದಿಲ್ಲ. ಒಬ್ಬರೇ ಹೋಗಿ ಹಾಲು ತರುತ್ತೀರಾ, ದಾರಿಯಲ್ಲಿ ಎಲ್ಲಿ ಕೂರುತ್ತೀರಿ ಎಂದು ಕೇಳುತ್ತೇನೆ. ಚಪ್ಪಲಿ ಜಾರುತ್ತದೆಯೇ, ಜಾರಿದ್ದು ಗೊತ್ತಾಗುತ್ತದೆಯೇ ಎಂದೂ ಕೇಳುತ್ತೇನೆ. ಗೊತ್ತಾಗಿಯೂ ಜಾರಿದರೆ ಪಾದದ ಬಲ ಕುಗ್ಗಿದೆ. ಗೊತ್ತೇ ಆಗದೆ ಚಪ್ಪಲಿ ಹಿಂದೆ ಉಳಿದರೆ ಸ್ಪರ್ಶಜ್ಞಾನ ಹೋಗಿದೆ.

ಆಮೇಲೆ ಸ್ಟಾಪ್‌ವಾಚ್. ನೆಲದ ಮೇಲೆ ಇಪ್ಪತ್ತೈದು ಅಡಿಗೆ ಎರಡು ಪಟ್ಟಿ ಅಂಟಿಸಿದ್ದೇನೆ. ಬೀಳದಂತೆ, ಆದರೆ ಆದಷ್ಟು ಬೇಗ ನಡೆಯಬೇಕು. ಎರಡು ಸಲ ನಡೆಸಿ ಸರಾಸರಿ ತೆಗೆಯುತ್ತೇನೆ. ಶೇಕಡಾ 20ರಷ್ಟು ವ್ಯತ್ಯಾಸವನ್ನು ನಿಜವಾದ ಬದಲಾವಣೆ ಎಂದು ಪರಿಗಣಿಸುವುದು ವಾಡಿಕೆ. ಏಳು ಸೆಕೆಂಡಿನವರು ಎಂಟೂವರೆಗೆ ಬಂದರೆ ನಾನು ಎಚ್ಚರಗೊಳ್ಳುತ್ತೇನೆ. ಆದರೆ ಏಪ್ರಿಲ್ ಮಧ್ಯಾಹ್ನ ಬಸ್ಸಿಳಿದು ಬೆವರುತ್ತ ಬಂದವರನ್ನು ಅಳೆಯುವುದಿಲ್ಲ. ಮೈ ಕಾದರೆ ಕವಚ ಕಳೆದುಕೊಂಡ ನರಗಳಲ್ಲಿ ಸಂಕೇತ ತಡವರಿಸುತ್ತದೆ. ತಣ್ಣಗಾದರೆ ನಡಿಗೆ ಮರಳುತ್ತದೆ. ಫ್ಯಾನಿನ ಕೆಳಗೆ ಕೂರಿಸಿ ನೀರು ಕೊಟ್ಟ ಮೇಲೆಯೇ ನಡೆಸುವುದು. ಪ್ರತಿ ಸಲ ಅದೇ ಹೊತ್ತು, ಅದೇ ಬಗೆಯ ಪಾದರಕ್ಷೆ. ಸೀರೆ ಉಟ್ಟಿದ್ದರೆ ಅದನ್ನೂ ಬರೆದಿಡುತ್ತೇನೆ.

ಕೈಯ ಅಳತೆಯನ್ನು ಬಿಡುವ ಕಡೆಗಳಿವೆ. ನನಗದು ಒಪ್ಪಿಗೆಯಿಲ್ಲ. ಒಂಬತ್ತು ಕಡ್ಡಿಗಳನ್ನು ಒಂಬತ್ತು ರಂಧ್ರಗಳಿಗೆ ಒಂದೊಂದಾಗಿ ಹಾಕಿ ಮತ್ತೆ ತೆಗೆಯಲು ಐದು ನಿಮಿಷ ಸಾಕು. ಗಾಲಿಕುರ್ಚಿಗೆ ಬಂದವರ ಇಡಿಎಸ್‌ಎಸ್ ವರ್ಷಗಟ್ಟಲೆ ಅಲ್ಲಿಯೇ ನಿಂತಿರಬಹುದು. ಆದರೆ ಅವರು ತಮ್ಮ ಕೈಯಿಂದ ಉಣ್ಣುತ್ತಾರೆಯೇ ಎಂಬುದು ಈ ಕಡ್ಡಿಗಳಲ್ಲಿ ಗೊತ್ತಾಗುತ್ತದೆ. ಮಿದುಳಿನ ವೇಗಕ್ಕೆ ಚಿಹ್ನೆಗೆ ತಕ್ಕ ಅಂಕಿ ಹೇಳುವ ತೊಂಬತ್ತು ಸೆಕೆಂಡಿನ ಪರೀಕ್ಷೆ ಇದೆ. ಮೊದಲ ಸಲ “ಮೂರು, ಏಳು” ಎಂದವರು ಮುಂದಿನ ಸಲ “ತ್ರೀ, ಸೆವೆನ್” ಎನ್ನಬಾರದು; ಭಾಷೆ ಬದಲಾದರೆ ಹೋಲಿಕೆ ಕೆಡುತ್ತದೆ.

ಇಡಿಎಸ್‌ಎಸ್ ಅಂಕ ಏರಿತೆಂದರೆ ಕಾಯಿಲೆ ಮುಂದುವರಿಯಿತೆಂದು ತಕ್ಷಣ ಬರೆಯುವಂತಿಲ್ಲ. 5.5ರವರೆಗಿನವರಲ್ಲಿ ಒಂದು ಅಂಕ, ಅದರ ಮೇಲಿನವರಲ್ಲಿ ಅರ್ಧ ಅಂಕ ಏರಬೇಕು. ಮೂರು ಅಥವಾ ಆರು ತಿಂಗಳ ನಂತರವೂ ಅದು ಹಾಗೆಯೇ ಉಳಿದಿರಬೇಕು. ನಾನು ಆರು ತಿಂಗಳ ಪಕ್ಷ. ಮೂರು ತಿಂಗಳಿಗೆ ಖಾಯಂ ಎನಿಸಿದ್ದು ಆಮೇಲೆ ಇಳಿದದ್ದನ್ನು ನೋಡಿದ್ದೇನೆ.

ಇನ್ನು ಭವಿಷ್ಯ. ನಲವತ್ತರ ಆಚೆಗೆ ಶುರುವಾಗಿದ್ದರೆ, ಮೊದಲ ದಾಳಿಯಿಂದ (ಲಕ್ಷಣಗಳು ಒಮ್ಮೆಲೇ ಕೆರಳುವ ಅವಧಿಯಿಂದ) ಪೂರ್ತಿ ಚೇತರಿಸಿಕೊಳ್ಳದಿದ್ದರೆ, ಮೊದಲ ಎರಡು ವರ್ಷದಲ್ಲಿ ದಾಳಿಗಳು ಮೇಲಿಂದ ಮೇಲೆ ಬಂದಿದ್ದರೆ, ಕಿರುಮೆದುಳಿನ ಲಕ್ಷಣಗಳಿದ್ದರೆ, ಬೆನ್ನುಹುರಿಯಲ್ಲಿ ಕಲೆಗಳಿದ್ದರೆ ನನಗೆ ಆತಂಕ ಹೆಚ್ಚು. ಕೆಲವರು ಅಂತರ್ಜಾಲದಿಂದ ಒಂದು ಮಾತು ಹಿಡಿದು ತರುತ್ತಾರೆ: ಹದಿನೈದು ವರ್ಷಕ್ಕೆ ಅರ್ಧದಷ್ಟು ಜನರ ಕೈಗೆ ಕೋಲು. ಅದು ಕೆನಡಾದ ಲಂಡನ್ ನಗರದ ರೋಗಿಗಳನ್ನು ಹಿಂಬಾಲಿಸಿ 1989ರಲ್ಲಿ ಪ್ರಕಟವಾದ ಲೆಕ್ಕ. ಎಂಎಸ್‌ಗೆಂದು ಇಂಟರ್‌ಫೆರಾನ್ ಮಾರುಕಟ್ಟೆಗೆ ಬಂದದ್ದೇ 1993ರಲ್ಲಿ. ಔಷಧವಿಲ್ಲದ ಕಾಲದ ಅಂಕಿಯನ್ನು ಇಂದಿನವರ ಹಣೆಗೆ ಅಂಟಿಸುವುದು ಅನ್ಯಾಯ. ರೋಗಿಗಿರುವುದು ಎನ್‌ಎಂಒ, ಅಂದರೆ ಎಂಎಸ್‌ನಂತೆಯೇ ಕಾಣುವ, ಕಣ್ಣಿನ ನರ ಮತ್ತು ಬೆನ್ನುಹುರಿಗೆ ತಗಲುವ ಬೇರೆ ಕಾಯಿಲೆ ಅಲ್ಲವೆಂದೂ ಖಚಿತವಾಗಿರಬೇಕು. ಎನ್‌ಎಂಒದಲ್ಲಿ ಊನ ಕೂಡುವುದು ಬಹುತೇಕ ದಾಳಿಗಳಿಂದಲೇ. ಎಂಎಸ್‌ನಲ್ಲಿ ದಾಳಿಯಿಲ್ಲದೆಯೂ ಸವೆತ ನಡೆಯುತ್ತದೆ. ಒಂದು ಎಂಆರ್‌ಐಗಿಂತ ಇಪ್ಪತ್ತೈದು ಅಡಿಯ ಹಲವು ವರ್ಷಗಳ ಸಾಲು ಇದನ್ನು ಮೊದಲು ತೋರಿಸಿದ ಸಂದರ್ಭಗಳಿವೆ.

ಪಾದ ಎತ್ತಲಾಗದವರಿಗೆ ಅದನ್ನು ಎತ್ತಿ ಹಿಡಿಯುವ ಪಟ್ಟಿ ಕೊಟ್ಟರೆ ನಡಿಗೆಯ ವೇಗ ಹೆಚ್ಚುತ್ತದೆ, ಕಡತದಲ್ಲಿ ಕಾಯಿಲೆ ಇಳಿದಂತೆ ಕಾಣುತ್ತದೆ. ಅದಕ್ಕೇ ಅಂಥವರನ್ನು ಎರಡು ಬಾರಿ ಅಳೆಯುತ್ತೇನೆ, ಪಟ್ಟಿ ಕಟ್ಟಿ ಒಮ್ಮೆ, ಬಿಚ್ಚಿ ಒಮ್ಮೆ. ಬಿಚ್ಚಿದ ನಡಿಗೆಯ ಸಮಯವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ನರತಜ್ಞರು ಔಷಧ ಬದಲಿಸಬೇಕೇ ಎಂದು ನೋಡುವಾಗ ಕಣ್ಣು ಹಾಯಬೇಕಾದದ್ದು ಅಲ್ಲಿಗೆ.