ಆ ಹೆಸರು ಬರುವುದು ಮನೆಯವರ ಬಾಯಿಂದಲೇ

ನಾನು ಕುಮಟಾ, ಅಂಕೋಲಾ ಕಡೆಯ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿದವಳು. ನಡುವೆ ಕೆಲವು ವರ್ಷ ದೇವಿಮನೆ ಘಟ್ಟ ಹತ್ತಿ ಶಿರಸಿ ಸೀಮೆಯಲ್ಲೂ ಇದ್ದೆ. ಬಸುರಿ-ಬಾಣಂತಿಯರನ್ನು ನೋಡುವುದು, ಮಕ್ಕಳಿಗೆ ಚುಚ್ಚುಮದ್ದು, ಜ್ವರ ಬಂದವರ ರಕ್ತ ತೆಗೆದು ಕಳಿಸುವುದು ನನ್ನ ಕೆಲಸ. ಮೂಢನಂಬಿಕೆ ನೋಡಿಕೋ ಎಂದು ಯಾವ ಆದೇಶದಲ್ಲೂ ಬರೆದಿರಲಿಲ್ಲ. ಆದರೆ ಅಡುಗೆಮನೆವರೆಗೂ ಹೋಗುವವಳಿಗೆ ಕೆಲವು ಸಂಗತಿ ಬೇಡವೆಂದರೂ ಕಾಣುತ್ತವೆ. ಬಾಗಿಲಿಗೆ ಹೊಸದಾಗಿ ಕಟ್ಟಿದ ಕರಿದಾರ, ತುಳಸಿಕಟ್ಟೆಯ ಹಿಂದೆ ಕುಂಕುಮ ಮೆತ್ತಿದ ಲಿಂಬೆಹಣ್ಣು, ಹಾಲು ಕುಡಿಯುವ ಕೂಸಿನ ಹೊಟ್ಟೆಯ ಮೇಲೆ ಬಳೆಚೂರು ಕಾಸಿ ಇಟ್ಟ ಬರೆ.

ನರಬಲಿ ಎಂದು ಪೇಪರಿನಲ್ಲಿ ಓದಿದರೆ ನಮಗೆಲ್ಲ ಕಣ್ಣಿಗೆ ಬರುವುದು ಅಮಾವಾಸ್ಯೆ, ಕಾಡು, ಕತ್ತಿ. ನಾನು ಕಂಡಂತೆ ಅದರ ಬೀಜ ಬೀಳುವುದು ಹಾಡಹಗಲು, ಮನೆಯ ಜಗಲಿಯ ಮೇಲೆ, 'ಇದನ್ನ ಯಾರು ಮಾಡಿಸಿದ್ರು?' ಎಂಬ ಒಂದು ಪ್ರಶ್ನೆಯಲ್ಲಿ. ಆ ಪ್ರಶ್ನೆಗೆ ಒಬ್ಬ ಮನುಷ್ಯರ ಹೆಸರು ಉತ್ತರವಾಗಿ ಬಂದಿತೋ, ಮುಂದಿನದು ಕಷ್ಟ. ಅದಕ್ಕೇ ನನ್ನ ಪ್ರಯತ್ನವೆಲ್ಲ ಆ ಹೆಸರು ಹುಟ್ಟುವ ಮೊದಲೇ ಜಗಲಿ ಸೇರುವುದು.

ಕಡಲ ಕರೆಯ ಊರುಗಳಲ್ಲಿ ಇದಕ್ಕೊಂದು ಕಾಲವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ದುಡಿಮೆ ನಿಂತಿರುತ್ತದೆ, ಸಂಘದ ಸಾಲದ ಕಂತು ನಿಲ್ಲುವುದಿಲ್ಲ, ಮಳೆಗೆ ಮಕ್ಕಳಿಗೆ ಜ್ವರ. 'ಒಂದ್ ಕಡೆ ನೋಡ್ಸ್ಕಂಡ್ ಬರುವ' ಎಂಬ ಮಾತು ಆಗ ಹೆಚ್ಚು ಕೇಳುತ್ತದೆ.

ಅಂಥದ್ದೇ ಒಂದು ಮಳೆಗಾಲದಲ್ಲಿ ಬೋಟಿಗೆ ಹೋಗುವವರ ಮನೆಯ ಗಂಡುಮಗುವಿಗೆ ಮೇಲಿಂದ ಮೇಲೆ ಫಿಟ್ಸ್ ಬರತೊಡಗಿತು. ಮನೆಯವರು ಕಾಯಿ, ವೀಳ್ಯ ಕಟ್ಟಿಕೊಂಡು ನೋಡುವವನೊಬ್ಬನ ಹತ್ತಿರ ಹೋದರು. ಅವನು ಗೆರಸಿಯಲ್ಲಿ ಅಕ್ಕಿ ಹರವಿ, ಕಾಳು ಎಣಿಸಿ, 'ಮೂಡು ದಿಕ್ಕು, ಒಂಟಿ ಹೆಂಗಸು, ನಿಮ್ಮನೆ ಬಾಗಿಲಿಗೆ ಬಂದು ಹೋಗುವವಳು' ಎಂದನಂತೆ. ಆ ಮಗುವಿನ ಅಜ್ಜಿಯಿಂದ ನಾನು ಇದನ್ನು ಒಂದೊಂದೇ ಮಾತಾಗಿ ಕೇಳಿ ತಿಳಿದೆ. ಅವನು ಹೆಸರು ಹೇಳಲೇ ಇಲ್ಲ. ಹೇಳುವ ಅಗತ್ಯವೂ ಅವನಿಗಿಲ್ಲ. ಮೂಡು ದಿಕ್ಕಿಗೆ ಯಾರ ಮನೆ ಇಲ್ಲ? ಒಂಟಿ ಹೆಂಗಸು ಯಾವ ಕೇರಿಯಲ್ಲಿಲ್ಲ? ಮನೆಗೆ ಮರಳುವ ದಾರಿಯಲ್ಲಿ, ಟೆಂಪೋದಲ್ಲಿ ಕೂತು, ಹೆಸರನ್ನು ಜೋಡಿಸಿದ್ದು ಮನೆಯವರೇ. ಗಂಡ ಸತ್ತು ಒಬ್ಬಳೇ ಇದ್ದು ಮೀನು ಮಾರಿ ಬದುಕುತ್ತಿದ್ದ ಪಕ್ಕದ ಹಿತ್ತಿಲಿನವಳು. ಅವಳೊಂದಿಗೆ ಬಾವಿಕಟ್ಟೆಯ ಜಗಳ ಹಳೆಯದು.

ನಾನು ಹೋದಾಗ ಮಗುವಿನ ಚಿಕ್ಕಪ್ಪ ಕುಡಿದು ಅಂಗಳದಲ್ಲಿ ನಿಂತು ಕೂಗುತ್ತಿದ್ದ. ಅಜ್ಜಿ ಹೇಳಿದರು, 'ಅಕ್ಕೋರೆ, ನಿಮ್ಗೆ ಗೊತ್ತಾಗೂದಿಲ್ಲ. ಅವ್ಳ ಕಣ್ಣೇ ಹಾಂಗೆ.'

ಇಂಥ ಹೊತ್ತಿನಲ್ಲಿ ಮಾಟ ಸುಳ್ಳು ಎಂದು ವಾದಕ್ಕೆ ಇಳಿಯುವುದಿಲ್ಲ. ಮಗು ನೆಲಕ್ಕೆ ಬಿದ್ದು ಬಾಯಲ್ಲಿ ನೊರೆ ತಂದದ್ದನ್ನು ಕಣ್ಣಾರೆ ನೋಡಿದ ತಾಯಿಗೆ ನನ್ನ ವಾದ ಬೇಕಾಗಿಲ್ಲ, ಒಂದು ದಾರಿ ಬೇಕು. ಗೋಡೆಯ ಕ್ಯಾಲೆಂಡರ್ ಇಳಿಸಿ ಕೇಳಿದೆ: ಯಾವ ದಿನ ಬಂತು, ಜ್ವರ ಇತ್ತಾ, ಎಷ್ಟು ಹೊತ್ತು ಇತ್ತು, ಕೈಕಾಲು ಒಂದೇ ಕಡೆ ಸೆಳೆಯಿತಾ. ಅವಳು ಹೇಳುತ್ತಾ ಹೋದಂತೆ ಪೆನ್ನಿನಲ್ಲಿ ಗುರುತು ಹಾಕಿದೆ. ಮಾತು 'ಯಾರು' ಎಂಬಲ್ಲಿಂದ 'ಯಾವಾಗ' ಎಂಬಲ್ಲಿಗೆ ಸರಿದಾಗ ಮನೆಯ ಉಸಿರೇ ಬೇರೆಯಾಗುತ್ತದೆ, ಇದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನೂ ತುರುಕಬೇಡಿ, ಮಗುವನ್ನು ಮಗ್ಗುಲಿಗೆ ಮಲಗಿಸಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ ಎಂದು ತೋರಿಸಿ ಹೇಳಿದೆ. ಆಮೇಲೆ, 'ದೇವ್ರಿಗೆ ಕಾಯಿ ಒಡೆಸಿ, ನಾ ಬೇಡ ಅನ್ನೂದಿಲ್ಲ. ನಾಳೆ ಬೆಳಿಗ್ಗೆ ಬಸ್ಸಿಗೆ ನನ್ನ ಸಂಗ್ತಿಗೆ ಕಾರವಾರಕ್ಕೆ ಬನ್ನಿ' ಎಂದೆ. ಬಂದರು. ಅಪಸ್ಮಾರ ಎಂದಾಯಿತು, ದಿನಾ ಕೊಡುವ ಔಷಧಿ ಬರೆದುಕೊಟ್ಟರು. ತಪ್ಪದೆ ಕೊಟ್ಟ ಮೇಲೆ ಹಿಡಿತಕ್ಕೂ ಬಂತು.

ನನ್ನ ಮಟ್ಟಿಗೆ ಅದು ಅರ್ಧ ಕೆಲಸ. ಉಳಿದರ್ಧ ಪಕ್ಕದ ಹಿತ್ತಿಲಿನಲ್ಲಿತ್ತು. ಆ ಹೆಂಗಸು ಬಾವಿಗೆ ಹೋಗುವುದನ್ನೇ ಬಿಟ್ಟಿದ್ದಳು. ಸಂಜೆಯಾದರೆ ಒಳಗಿನಿಂದ ಅಗುಳಿ ಹಾಕಿ ಒನಕೆಯನ್ನು ಬಾಗಿಲಿಗೆ ಒತ್ತಿ ಇಡುತ್ತಿದ್ದಳು. 'ನಾ ಎಂತ ಮಾಡಿದ್ದೆ ಅಕ್ಕೋರೆ?' ಎಂದು ಕೇಳಿದಳು. ಅವಳ ಬಿಪಿ ನೋಡುವ ನೆವದಲ್ಲಿ ಎಲ್ಲರಿಗೂ ಕಾಣುವಂತೆ ಅವಳ ಜಗಲಿಯಲ್ಲಿ ಕೂತು ಚಾ ಕುಡಿದೆ. ಪಂಚಾಯ್ತಿ ಸದಸ್ಯೆಗೆ ವಿಷಯ ಮುಟ್ಟಿಸಿದೆ. ಬೀಟ್ ಪೊಲೀಸರಿಗೂ ಹೇಳಿದೆ, ಅವರು ಬೈಕ್ ನಿಲ್ಲಿಸಿ ಅವಳ ಹತ್ತಿರ ಸ್ವಲ್ಪ ಹೊತ್ತು ಮಾತಾಡಿ ಹೋದರು. ಯಾರ ಮೇಲೂ ಕೇಸು ಆಗಲಿಲ್ಲ. ಇವಳಿಗೂ ಹೇಳುವವರು ಕೇಳುವವರು ಇದ್ದಾರೆ ಎಂಬುದು ಕೇರಿಗೆ ಗೊತ್ತಾಯಿತು, ಕೂಗಾಟ ನಿಂತಿತು.

ಇಷ್ಟು ಒತ್ತಿ ಬರೆಯುವುದಕ್ಕೆ ಕಾರಣವಿದೆ. ಬಲಿಯಾದವರು ಯಾರು ಎಂದು ನೋಡುತ್ತಾ ಹೋದರೆ ಎಲ್ಲಿಯೂ ಕೇಳುವವರಿಲ್ಲದವರೇ ಸಿಗುತ್ತಾರೆ. ಕೇರಳದ ಪತ್ತನಂತಿಟ್ಟ ಜಿಲ್ಲೆಯ ಎಲಂತೂರಿನಲ್ಲಿ ನಡೆದ ಇಬ್ಬರು ಮಹಿಳೆಯರ ಕೊಲೆ 2022ರ ಅಕ್ಟೋಬರಿನಲ್ಲಿ ಬಯಲಾಯಿತು. ಸಿರಿತನ ಬರಲೆಂದು ಕೊಟ್ಟ ಬಲಿ ಅದು ಎಂಬುದು ಪೊಲೀಸರ ಆರೋಪ. ಸತ್ತವರಿಬ್ಬರೂ ಬೀದಿಯಲ್ಲಿ ಲಾಟರಿ ಟಿಕೆಟ್ ಮಾರಿ ಹೊಟ್ಟೆ ಹೊರೆಯುತ್ತಿದ್ದವರು. ಆರೋಪ ಹೊತ್ತ ದಂಪತಿ ಓದು ಬರಹ ಬಲ್ಲವರು, ಫೇಸ್‌ಬುಕ್ ಬಳಸುತ್ತಿದ್ದವರು. ಅಕ್ಷರ ಕಲಿತರೆ ಇದೆಲ್ಲ ತಾನಾಗಿ ಹೋಗುತ್ತದೆ ಎಂಬ ನಂಬಿಕೆ ನನಗಿಲ್ಲ. ಶಿರಸಿಯ ಕಡೆ ಒಬ್ಬ ಹಿರಿಯ ಭಟ್ಟರು ಹಳೆಯ ಶ್ಲೋಕವೊಂದನ್ನು ಹೇಳುತ್ತಿದ್ದರು: 'ಅಶ್ವಂ ನೈವ ಗಜಂ ನೈವ ವ್ಯಾಘ್ರಂ ನೈವ ಚ ನೈವ ಚ.' ಕುದುರೆಯನ್ನಲ್ಲ, ಆನೆಯನ್ನಲ್ಲ, ಹುಲಿಯನ್ನಂತೂ ಅಲ್ಲವೇ ಅಲ್ಲ, ಆಡಿನ ಮರಿಯನ್ನೇ ಬಲಿ ಕೊಡುತ್ತಾರೆ, ದೈವವೂ ದುರ್ಬಲರನ್ನೇ ಕೊಲ್ಲುತ್ತದೆ ಎಂದು ಅದರ ಅರ್ಥ. ಪೂಜೆ ಮಾಡಿಸುವವರ ಬಾಯಿಂದಲೇ ಇದನ್ನು ಕೇಳಿದ್ದು ನನಗೆ ದೊಡ್ಡ ಬಲವಾಯಿತು.

ಅದೇ ಶಿರಸಿಯಲ್ಲಿ ನಾನು ಮಾತಾಡುವಾಗಲೆಲ್ಲ ಮಾರಿಕಾಂಬೆಯ ಉದಾಹರಣೆ ಎತ್ತುತ್ತೇನೆ. ಹಿಂದೆ ಜಾತ್ರೆಯಲ್ಲಿ ಕೋಣನ ಬಲಿ ನಡೆಯುತ್ತಿತ್ತು. 1934ರಲ್ಲಿ ಗಾಂಧೀಜಿ ಜಿಲ್ಲೆಗೆ ಬಂದ ಕಾಲದಲ್ಲಿ, ಬಲಿ ನಡೆಯುವ ಗುಡಿಗೆ ತಾವು ಬರುವುದಿಲ್ಲ ಎಂದರು. ಊರಿನ ಹಿರಿಯರೂ ದೇವಸ್ಥಾನದವರೂ ಸೇರಿ ಬಲಿಯನ್ನು ನಿಲ್ಲಿಸಿದರು. ಎರಡು ವರ್ಷಕ್ಕೊಮ್ಮೆ ಬಿಡ್ಕಿಬೈಲಿನಲ್ಲಿ ಅಮ್ಮ ಗದ್ದುಗೆಗೆ ಬಂದು ಕೂರುತ್ತಾಳೆ, ಜನ ಇಂದಿಗೂ ಕಿಕ್ಕಿರಿದು ಸೇರುತ್ತಾರೆ. ಬಲಿ ಬಿಟ್ಟದ್ದಕ್ಕೆ ಅಮ್ಮ ಊರಿಗೆ ಕೇಡು ಮಾಡಲಿಲ್ಲ. ಭಕ್ತಿ ಬಿಡಬೇಕಾಗಿಲ್ಲ, ರಕ್ತ ಬಿಟ್ಟರಾಯಿತು ಎಂದರೆ ಹೆಂಗಸರಿಗೆ ಕೂಡಲೇ ಅರ್ಥವಾಗುತ್ತದೆ.

ಸ್ವಸಹಾಯ ಸಂಘದ ಸಭೆಯಲ್ಲಿ ಲಿಂಬೆಹಣ್ಣಿನ ರಕ್ತವನ್ನೂ ಮಾಡಿ ತೋರಿಸುತ್ತೇನೆ. ಕೆಂಪು ದಾಸವಾಳದ ಎಸಳನ್ನು ಚೂರಿಯ ಅಲಗಿಗೆ ಚೆನ್ನಾಗಿ ತಿಕ್ಕಿ ಒಣಗಲು ಬಿಡಬೇಕು. ಒಣಗಿದ ಮೇಲೆ ಬಣ್ಣ ಎದ್ದು ಕಾಣುವುದಿಲ್ಲ. ಆ ಚೂರಿಯಿಂದ ಲಿಂಬೆ ಕೊಯ್ದರೆ ಹುಳಿ ತಾಗಿ ರಸ ಕೆಂಪಾಗಿ ಇಳಿಯುತ್ತದೆ. ನಾನು ಕೊಯ್ಯುವುದಿಲ್ಲ, ಸಭೆಯಲ್ಲಿ ಅತಿ ಹೆಚ್ಚು ಹೆದರುವವಳ ಕೈಗೇ ಚೂರಿ ಕೊಡುತ್ತೇನೆ. ಇಂಥ ಕೆಂಪು ರಸಕ್ಕೆ ಬೆದರಿ ಬಂಗಾರ ಅಡವಿಟ್ಟ ಮನೆಗಳಿವೆ.

ಕಾನೂನಿನ ಮಾತನ್ನು ಕೊನೆಗೆ ಆಡುತ್ತೇನೆ, ಆದರೆ ಬಿಡದೆ ಆಡುತ್ತೇನೆ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕರ್ನಾಟಕದ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂತು. ಒಂದರಿಂದ ಏಳು ವರ್ಷದವರೆಗೆ ಜೈಲು, ಐದು ಸಾವಿರದಿಂದ ಐವತ್ತು ಸಾವಿರ ರೂಪಾಯಿವರೆಗೆ ದಂಡ. ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗಲು ಬಿಡದೆ ಮಂತ್ರ ಹಾಕುವುದೂ ಇದರಡಿ ಅಪರಾಧ, ನಿಧಿ ಹುಡುಕಲು ವಾಮಾಚಾರ ಮಾಡುವುದೂ ಅಪರಾಧ. ಯಾತ್ರೆ, ಪ್ರದಕ್ಷಿಣೆ, ಭಜನೆ, ಹರಿಕಥೆಗೆ ಇದು ಅಡ್ಡ ಬರುವುದಿಲ್ಲ. ಇದನ್ನು ಹೇಳದಿದ್ದರೆ 'ದೇವ್ರನ್ನೇ ಬಂದ್ ಮಾಡ್ತ್ರು' ಎಂಬ ಗಾಳಿಮಾತು ನಮಗಿಂತ ಮೊದಲೇ ಕೇರಿ ತಲುಪಿರುತ್ತದೆ. ವೈಜ್ಞಾನಿಕ ಮನೋಭಾವದ ಜೊತೆಗೆ ಮಾನವತೆಯನ್ನೂ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯ ಎಂದು ಸಂವಿಧಾನದಲ್ಲಿ 1976ರಲ್ಲೇ ಸೇರಿದೆ. ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ ಎಂಬುದನ್ನು ನಾನು ಒತ್ತಿ ಓದುತ್ತೇನೆ.

ಗಾಳಿಮಾತೇ ಕೊಲ್ಲುವುದೂ ಉಂಟು. 2024ರ ಜುಲೈ 16ರಂದು ನಮ್ಮ ಅಂಕೋಲಾ ಕಡೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು, ಆಗಸ್ಟ್ 7ರಂದು ಕಾರವಾರದ ಹತ್ತಿರ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ನದಿ ಬಲಿ ಕೇಳುತ್ತಿದೆ, ಹೊಸ ಸೇತುವೆಗೆ ಮಕ್ಕಳನ್ನು ಹಿಡಿಯುತ್ತಾರೆ ಎಂಬ ಮಾತು ನನ್ನ ಕಿವಿಗೂ ಬಿತ್ತು. 2018ರಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳನೆಂದು ವಾಟ್ಸಾಪ್ ಸುದ್ದಿ ನಂಬಿ ಜನ ಒಬ್ಬ ಯುವಕನನ್ನು ಹೊಡೆದು ಕೊಂದಿದ್ದರು, ಅವನು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದನಷ್ಟೇ. ಅದನ್ನು ಹೇಳಿ, ಮೊಬೈಲಿನಲ್ಲಿ ಅಂಥದ್ದು ಬಂದರೆ ನನಗೆ ತೋರಿಸದೆ ಯಾರಿಗೂ ಕಳಿಸಬೇಡಿ ಎಂದು ಅಂಗನವಾಡಿ ತಾಯಂದಿರಿಂದ ಮಾತು ತೆಗೆದುಕೊಂಡೆ.

ನನ್ನ ಮಾತು ತಾಗದ ಒಂದು ಗುಂಪಿದೆ. ನಿಧಿಯವರು. ಗೇರುಸೊಪ್ಪೆಯಂಥ ಹಳೆಯ ಬಸದಿ, ಪಾಳುಗುಡಿಗಳಿರುವ ಕಡೆ ರಾತ್ರಿ ಕಾರಿನಲ್ಲಿ ಬಂದು ಅಗೆಯುವವರು. ಅವರಿಗೆ ಕಾಯಿಲೆಯಿಲ್ಲ, ಸಂಕಟವಿಲ್ಲ, ಆಸೆ ಒಂದೇ. ಮಣ್ಣಿನಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು 1878ರಿಂದಲೇ ಕಾನೂನಿದೆ, ಸಿಕ್ಕರೂ ಅದು ಗುಟ್ಟಾಗಿ ಮನೆಗೊಯ್ಯುವ ಸೊತ್ತಲ್ಲ. ಅಂಥವರ ಜೊತೆ ಚಾ ಕುಡಿದು ಪ್ರಯೋಜನವಿಲ್ಲ. ಪಾಳುಗುಡಿಯ ಹತ್ತಿರ ಹೊಸ ಗುಂಡಿ, ಕೋಳಿಯ ಗರಿ, ಕುಂಕುಮ ಕಂಡರೆ ಫೋಟೋ ತೆಗೆದುಕೊಂಡು 112ಕ್ಕೆ ಕರೆ ಮಾಡಿ ಎಂದು ದನ ಮೇಯಿಸುವ ಹುಡುಗರಿಗೆ ಹೇಳಿಟ್ಟಿದ್ದೇನೆ. ಊರಿನಲ್ಲಿ ಯಾವ ಮಗು ಶಾಲೆಗೆ ಬಂದಿಲ್ಲ, ಯಾವ ಮುದುಕಿ ರೇಷನ್ ಒಯ್ಯಲು ಬಂದಿಲ್ಲ ಎಂಬುದನ್ನು ಆಶಾ ಕಾರ್ಯಕರ್ತೆಯರೂ ನಾನೂ ವಾರದ ಸಭೆಯಲ್ಲಿ ಹೆಸರು ಹಿಡಿದು ಕೇಳಿಕೊಳ್ಳುತ್ತೇವೆ.