ಖಾಲಿ ಪೇಟೆಯಲ್ಲಿ ತಲೆ ಎಣಿಸುತ್ತಾ ನಿಂತವನ ಕಥೆ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಸಾರಿತು. ಆವತ್ತು ಸಂಜೆ ನಮ್ಮ ವರ್ತಕರ ಸಂಘದ ಸಭೆಯಲ್ಲಿ ಬೀದಿ ದೀಪ ಹಳದಿ ಇರಬೇಕೋ ಬಿಳಿ ಇರಬೇಕೋ ಅಂತ ಒಂದೂವರೆ ಗಂಟೆ ವಾದ ನಡೆದಿತ್ತು. ನಾನು ಸಂಘದ ಕಾರ್ಯದರ್ಶಿ. ಬಿಳಿ ಬೇಡವೇ ಬೇಡ ಅಂತ ಹಟ ಹಿಡಿದವನೂ ನಾನೇ. ಕೆಲವೇ ವಾರಗಳಲ್ಲಿ ಆ ದೀಪದ ಕೆಳಗೆ ನಡೆಯುವವರೇ ಇಲ್ಲವಾದರು.

ನಗರದ ನಡುಪೇಟೆ, ಈಗಿನವರ ಬಾಯಲ್ಲಿ ಡೌನ್‌ಟೌನ್, ನಿಂತಿರುವುದು ನೆಲದ ಮೇಲಲ್ಲ, ಮೇಲಿನ ಮಹಡಿಗಳ ಮೇಲೆ. ಇದು ನನಗೆ ಆಗ ಗೊತ್ತಾಯಿತು. ಕೆಳಗೆ ಅಂಗಡಿ, ಮೇಲೆ ಆಫೀಸು. ಆಫೀಸಿನವರು ಬೆಳಿಗ್ಗೆ ಬರುತ್ತಾರೆ, ಮಧ್ಯಾಹ್ನ ಊಟಕ್ಕೆ ಇಳಿಯುತ್ತಾರೆ, ಸಂಜೆ ಬಸ್ಸು ಹಿಡಿಯುವ ಮೊದಲು ಏನೋ ಒಂದು ಕೊಳ್ಳುತ್ತಾರೆ. ಹೋಟೆಲು, ಜೆರಾಕ್ಸ್ ಅಂಗಡಿ, ಕ್ಷೌರದಂಗಡಿ, ಔಷಧಿ ಅಂಗಡಿ, ಎಲ್ಲರ ಗಲ್ಲಾ ತುಂಬುತ್ತಿದ್ದುದು ಈ ಒಂದೇ ಗಿರಾಕಿಯಿಂದ. ಅವರು ಮನೆಯಿಂದಲೇ ಕೆಲಸ ಶುರು ಮಾಡಿದ ದಿನ ಎಲ್ಲರ ವ್ಯಾಪಾರವೂ ಒಟ್ಟಿಗೇ ನಿಂತಿತು. ಬಡಾವಣೆಯ ಅಂಗಡಿಗಳು ಬೇಗ ಚೇತರಿಸಿಕೊಂಡವು, ಜನ ಅಲ್ಲೇ ಇದ್ದರಲ್ಲ! ನಮ್ಮ ಪೇಟೆಯಲ್ಲಿ ಮನೆಗಳೇ ಇರಲಿಲ್ಲ. ಅರ್ಥಶಾಸ್ತ್ರದವರು ಇದಕ್ಕೆ 'ಡೋನಟ್ ಪರಿಣಾಮ' ಅಂತ ಹೆಸರಿಟ್ಟರು. ಸುತ್ತ ದಪ್ಪ, ನಡುವೆ ತೂತು. ಓದಿ ನಗು ಬಂತು. ತೂತಿನೊಳಗೆ ಕೂತವನಿಗೆ ಆ ನಗು ಜಾಸ್ತಿ ಹೊತ್ತು ಉಳಿಯಲಿಲ್ಲ.

ಮೊದಲ ವರ್ಷ ನಾವು ಮಾಡಿದ ಕೆಲಸಗಳಲ್ಲಿ ಅರ್ಧ ದಂಡ. ಫುಟ್‌ಪಾತ್ ಮೇಲೆ ಹೋಗುವವರಿಗೊಂದು ಬರುವವರಿಗೊಂದು ಬಾಣದ ಗುರುತು ಬಳಿಸಿದೆವು. ಯಾರೂ ನೋಡಲಿಲ್ಲ. ಶಟರ್, ಕಂಬಿ, ಬೆಂಚು ಎಲ್ಲವನ್ನೂ ದಿನಕ್ಕೆರಡು ಸಲ ಒರೆಸಿದ್ದೇ ಒರೆಸಿದ್ದು. ಆಮೇಲೆ ಹೋಟೆಲಿನವರಿಗೆ ಹೊರಗೆ ಕುರ್ಚಿ ಹಾಕಲು ಅನುಮತಿ ಸಿಕ್ಕಿತು. ಮಳೆ ಶುರುವಾದಾಗ ನಾನೇ ಮುಂದೆ ನಿಂತು ಆ ಜಾಗಕ್ಕೆ ನಾಲ್ಕೂ ಕಡೆ ಪ್ಲಾಸ್ಟಿಕ್ ಪರದೆ ಕಟ್ಟಿಸಿದೆ. ಗಟ್ಟಿಯಾಗಿ, ಗಾಳಿ ನುಸುಳದ ಹಾಗೆ. ಸೋಂಕು ಮುಖ್ಯವಾಗಿ ಗಾಳಿಯಿಂದಲೇ ಹರಡುತ್ತದೆ, ಮುಟ್ಟಿದ್ದರಿಂದ ಕಡಿಮೆ ಅನ್ನುವುದು ಎಲ್ಲರಿಗೂ ಮನದಟ್ಟಾಗಿದ್ದು 2021ರಲ್ಲಿ. ಹೊರಗೆ ಕೂರಿಸಿದ್ದೇ ಗಾಳಿಗೆ ಅಂತ, ಅದನ್ನೇ ಮುಚ್ಚಿಬಿಟ್ಟಿದ್ದೆ. ಒಂದು ಬೆಳಿಗ್ಗೆ ಕತ್ತರಿ ಹಿಡಿದು ಎರಡು ಕಡೆ ನಾನೇ ಕತ್ತರಿಸಿದೆ. ಚಾವಣಿ ಮಾತ್ರ ಬಿಟ್ಟೆ.

ನಿಜವಾದ ತಲೆನೋವು ಬಾಡಿಗೆ. ವ್ಯಾಪಾರ ಇಲ್ಲ, ಬಾಡಿಗೆ ನಿಲ್ಲಲ್ಲ. ಒಂದು ಅಂಗಡಿ ಶಟರ್ ಎಳೆದರೆ ಪಕ್ಕದವನಿಗೂ ಗಿರಾಕಿ ಕಡಿಮೆ. ಸಾಲಿನಲ್ಲಿ ಮೂರು ಶಟರ್ ಇಳಿದರೆ ಜನ ಆ ಕಡೆ ತಿರುಗುವುದನ್ನೇ ಬಿಡುತ್ತಾರೆ. ಒಬ್ಬ ಕಟ್ಟಡದ ಮಾಲೀಕರ ಹತ್ತಿರ ನಾಲ್ಕು ಸಲ ಹೋದೆ. "ಖಾಲಿ ಬಿದ್ದಿದ್ದರೂ ಪರವಾಗಿಲ್ಲ, ಬಾಡಿಗೆ ಮಾತ್ರ ಇಳಿಸಲ್ಲ" ಅನ್ನುತ್ತಿದ್ದರು. ದುರಾಸೆ ಅಂದುಕೊಂಡೆ. ಐದನೇ ಸಲ ಅವರು ಕಾಗದ ತೆಗೆದು ತೋರಿಸಿದರು. ಕಟ್ಟಡದ ಮೇಲೆ ಬ್ಯಾಂಕ್ ಸಾಲ ಇತ್ತು. ಕಟ್ಟಡದ ಬೆಲೆ ಕಟ್ಟುವುದು ಕರಾರಿನಲ್ಲಿ ಬರೆದ ಬಾಡಿಗೆಯ ಮೇಲೆ. ಕಾಗದದ ಮೇಲೆ ಬಾಡಿಗೆ ಇಳಿಸಿದರೆ ಕಟ್ಟಡದ ಬೆಲೆಯೂ ಇಳಿಯುತ್ತದೆ, ಬ್ಯಾಂಕಿನವರು ಬಾಗಿಲಿಗೆ ಬರುತ್ತಾರೆ. ಮನುಷ್ಯ ಕೆಟ್ಟವನಲ್ಲ, ಸಿಕ್ಕಿಹಾಕಿಕೊಂಡಿದ್ದ.

ಆಮೇಲೆ ದಾರಿ ಸಿಕ್ಕಿತು. ಕರಾರಿನ ಬಾಡಿಗೆ ಹಾಗೇ ಇರಲಿ. ಒಂದು ವರ್ಷದ ಮಟ್ಟಿಗೆ ಬೇರೆ ಒಪ್ಪಂದ ಪತ್ರ ಮಾಡಿ, ಆ ತಿಂಗಳ ವ್ಯಾಪಾರದಲ್ಲಿ ಇಷ್ಟು ಪಾಲು ಅಂತ ತೆಗೆದುಕೊಳ್ಳುವುದು, ಬ್ಯಾಂಕಿಗೂ ತಿಳಿಸಿಬಿಡುವುದು. ವ್ಯಾಪಾರ ಏರಿದರೆ ಮಾಲೀಕರಿಗೂ ಏರುತ್ತದೆ. ಇದಕ್ಕೆ ಒಪ್ಪಿಸಲು ಅಂಗಡಿಯವರು ಲೆಕ್ಕದ ಪುಸ್ತಕ ತೆರೆದು ತೋರಿಸಬೇಕಿತ್ತು. ನಂಬಿ, ಅದು ಬಾಡಿಗೆ ಇಳಿಸುವುದಕ್ಕಿಂತ ಕಷ್ಟದ ಕೆಲಸ. ಯಾವ ವ್ಯಾಪಾರಿ ತಾನೇ ನಿಜವಾದ ಲೆಕ್ಕ ತೋರಿಸಲು ಇಷ್ಟಪಡುತ್ತಾನೆ? ಕೆಲವರು ಕೊನೆಗೂ ತೋರಿಸಲಿಲ್ಲ. ಅವರಲ್ಲಿ ಇಬ್ಬರು ಬಾಗಿಲು ಹಾಕಿದರು.

ಈ ನಡುವೆ ಆಫೀಸುಗಳು ತೆರೆದವು. ಜನ ಬಂದರಾ? ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಹೋಟೆಲಿನವರು "ಸತ್ತೇ ಹೋಗಿದೆ" ಅಂದರೆ, ಫೋನ್ ಅಂಗಡಿಯವರು "ಪರವಾಗಿಲ್ಲ" ಅನ್ನುತ್ತಿದ್ದರು. ಕೈಯಲ್ಲಿ ಹಿಡಿದು ಒತ್ತುವ ಎಣಿಕೆಯ ಯಂತ್ರವೊಂದನ್ನು ಕೊಂಡೆ. ಒಂದು ತಲೆಗೆ ಒಂದು 'ಟಿಕ್'. ದಿನಾ ಮೂರು ಹೊತ್ತು, ತಲಾ ಹದಿನೈದು ನಿಮಿಷ, ಅದೇ ಮೂಲೆ. ಆ ಮೂಲೆಯಲ್ಲಿ ಬೀಗದ ಕೈ ಮಾಡಿಕೊಡುವ ಒಬ್ಬರು ಕೂರುತ್ತಾರೆ. ಮೂರನೇ ದಿನ ಅವರು ಕೇಳಿದರು: "ಸರ್, ಏನು ಎಣಿಸ್ತಿದೀರಾ?"

"ಜನ."

"ಅದನ್ನ ನನ್ನ ಕೇಳಿದ್ರೆ ಆಗ್ತಿತ್ತಲ್ಲ. ಮಂಗಳವಾರ, ಬುಧವಾರ, ಗುರುವಾರ ಜನ. ಸೋಮವಾರ ನಾನೇ ತಡವಾಗಿ ಬರ್ತೀನಿ. ಶುಕ್ರವಾರ ಸುಮ್ನೆ ಬಂದು ಹೋಗ್ತೀನಿ."

ಒಂದು ತಿಂಗಳು ಎಣಿಸಿದ ಮೇಲೆ ನನ್ನ ಪುಸ್ತಕವೂ ಅದನ್ನೇ ಹೇಳಿತು. ಆದರೆ ಅವರು ಸಂಜೆ ಬೇಗ ಎದ್ದು ಹೋಗುತ್ತಿದ್ದರು, ಹಾಗಾಗಿ ಒಂದು ವಿಷಯ ಅವರ ಕಣ್ಣಿಗೂ ಬಿದ್ದಿರಲಿಲ್ಲ. ಶನಿವಾರ, ಭಾನುವಾರದ ಸಂಜೆ ಬೀದಿಯಲ್ಲಿ ಸಂಸಾರ ಸಮೇತ ಜನ ಅಡ್ಡಾಡುತ್ತಿದ್ದರು. ಮಕ್ಕಳ ಕೈ ಹಿಡಿದು, ಮುಚ್ಚಿದ ಶಟರ್‌ಗಳ ಮುಂದೆ. ಆಫೀಸಿನ ಹೊತ್ತಿಗೆ ಒಗ್ಗಿದ ನಮ್ಮ ಅಂಗಡಿಗಳು ಅಷ್ಟು ಹೊತ್ತಿಗೆ ಬಾಗಿಲು ಹಾಕಿಯಾಗಿತ್ತು. ಖಾಲಿ ಸೋಮವಾರ ಬೆಳಿಗ್ಗೆ ತೆರೆದು ನೊಣ ಹೊಡೆಯುತ್ತಿದ್ದೆವು. ಬೇರೆ ಬೇರೆ ದೇಶದ ಊರುಗಳಲ್ಲೂ ವಾರದ ನಡುವಿನ ಮೂರು ದಿನವೇ ಆಫೀಸಿಗೆ ಜನ ಅಂತ ಆಮೇಲೆ ಓದಿದೆ. ಟೊರಾಂಟೊ ವಿಶ್ವವಿದ್ಯಾಲಯದವರು ಮೊಬೈಲ್ ಫೋನ್‌ಗಳ ಓಡಾಟದ ಲೆಕ್ಕ ಹಿಡಿದು ಉತ್ತರ ಅಮೆರಿಕದ ಹತ್ತಾರು ಡೌನ್‌ಟೌನ್‌ಗಳನ್ನು ಅಳೆದರು. ಆಫೀಸನ್ನೇ ಜಾಸ್ತಿ ನಂಬಿದ್ದ ಸ್ಯಾನ್ ಫ್ರಾನ್ಸಿಸ್ಕೊದಂಥ ಪೇಟೆಗಳು ಹಿಂದೆ ಬಿದ್ದಿದ್ದವು. ನನ್ನ ಟಿಕ್ ಟಿಕ್ ಯಂತ್ರಕ್ಕೂ ಅವರಿಗೂ ಹೋಲಿಕೆ ಇಲ್ಲ, ಆದರೂ ಸ್ವಲ್ಪ ಹೆಮ್ಮೆ ಆಯಿತು.

ಹೊತ್ತು ಬದಲಿಸೋಣ ಅಂದೆ. ಸೋಮವಾರ ರಜೆ, ಭಾನುವಾರ ರಾತ್ರಿವರೆಗೆ ತೆರೆದಿಡುವುದು. ಕೂಗಾಟವಾಯಿತು. ಹನ್ನೊಂದು ಅಂಗಡಿ ಮಾತ್ರ ಒಪ್ಪಿದವು. ಎರಡು ತಿಂಗಳಲ್ಲಿ ಉಳಿದವರಲ್ಲಿ ಎಷ್ಟೋ ಜನ ನನಗೆ ಹೇಳದೆ ತಾವೇ ಬದಲಿಸಿಕೊಂಡರು.

ಇನ್ನೊಂದು ಜಗಳ ಪಾರ್ಕಿಂಗ್‌ದು. 2020ರ ಏಪ್ರಿಲ್‌ನಲ್ಲೇ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್ ತನ್ನ ಚೌಕಗಳನ್ನು, ಬೀದಿಗಳನ್ನು ಹೋಟೆಲುಗಳಿಗೆ ಬಿಟ್ಟಿಯಾಗಿ ಬಿಟ್ಟುಕೊಟ್ಟಿತ್ತು. ಮುಂದಿನ ತಿಂಗಳು ಪ್ಯಾರಿಸ್‌ನ ರ್‍ಯೂ ದ ರಿವೋಲಿಯಿಂದ ಖಾಸಗಿ ಕಾರುಗಳನ್ನು ಹೊರಗಿಟ್ಟರು. ಕಾರು ಓಡುತ್ತಿದ್ದ ಜಾಗದಲ್ಲಿ ಸೈಕಲ್ ಓಡಿತು, ಈಗಲೂ ಓಡುತ್ತಿದೆ. ನಮ್ಮ ಬೀದಿಯಲ್ಲೂ ಹನ್ನೆರಡು ಕಾರಿನ ಜಾಗ ತೆಗೆದು ಬೆಂಚು, ಗಿಡ ಇಡೋಣ ಅಂದಾಗ ಸದಸ್ಯರೆಲ್ಲ ಎದ್ದು ನಿಂತರು. "ಕಾರು ನಿಲ್ಲಿಸೋಕೆ ಜಾಗ ಇಲ್ಲದಿದ್ರೆ ಗಿರಾಕಿ ಎಲ್ಲಿಂದ ಬರ್ತಾನೆ?" ಸರಿಯಾದ ಪ್ರಶ್ನೆಯೇ. ಒಂದು ವಾರ ಬೆಳಿಗ್ಗೆ ಬೇಗ ಬಂದು ಆ ಹನ್ನೆರಡು ಕಾರುಗಳ ನಂಬರ್ ಬರೆದುಕೊಂಡೆ. ಏಳು ಕಾರು ನಮ್ಮ ಸಂಘದ ಸದಸ್ಯರದೇ. ಬೆಳಿಗ್ಗೆ ಅಂಗಡಿ ತೆರೆಯುವಾಗ ನಿಲ್ಲಿಸಿದರೆ ರಾತ್ರಿವರೆಗೂ ಕದಲುತ್ತಿರಲಿಲ್ಲ. ಏಳರಲ್ಲಿ ಒಂದು ನನ್ನದು. ಮುಂದಿನ ಸಭೆಯಲ್ಲಿ ಪಟ್ಟಿ ಓದುವಾಗ ನನ್ನ ನಂಬರನ್ನೇ ಮೊದಲು ಓದಿದೆ. ಮತ್ತೆ ಯಾರೂ ಮಾತಾಡಲಿಲ್ಲ.

ಬೆಂಚು ಬಂತು. ಅದರಲ್ಲೂ ಒಂದು ಎಡವಟ್ಟು. ಸರಕು ಇಳಿಸುವ ಗಾಡಿಗೆ ಜಾಗ ಬಿಡುವುದನ್ನು ಮರೆತಿದ್ದೆವು. ಮೊದಲ ವಾರ ಮೂಟೆಗಳನ್ನು ಬೆಂಚಿನ ಮೇಲಿಂದ ದಾಟಿಸಿದ್ದನ್ನು ಈಗಲೂ ಆಡಿಕೊಳ್ಳುತ್ತಾರೆ.

ಇಷ್ಟೆಲ್ಲ ಆದರೂ ಮೇಲಿನ ಮಹಡಿಗಳು ಖಾಲಿಯೇ. "ಆಫೀಸನ್ನೆಲ್ಲ ಮನೆ ಮಾಡಿಬಿಡಿ" ಅಂತ ಸಲಹೆ ಕೊಡದವರಿಲ್ಲ. ಕೆನಡಾದ ಕ್ಯಾಲ್ಗರಿ 2021ರಲ್ಲಿ ಹೀಗೆ ಬದಲಿಸುವವರಿಗೆ ಚದರಡಿಗೆ 75 ಕೆನಡಿಯನ್ ಡಾಲರ್‌ವರೆಗೆ ಸಹಾಯಧನ ಶುರು ಮಾಡಿತು. ಆದರೆ ಆ ಊರಿನ ಆಫೀಸುಗಳು ಪಿಡುಗಿಗಿಂತ ಮೊದಲೇ, 2014ರಲ್ಲಿ ತೈಲದ ಬೆಲೆ ಬಿದ್ದಾಗಿನಿಂದ ಖಾಲಿಯಾಗುತ್ತಾ ಬಂದಿದ್ದವು. ಅವರು ತುಂಬಾ ದಿನ ಯೋಚಿಸಿದ್ದರು. ನಾವು ಒಬ್ಬ ಎಂಜಿನಿಯರ್ ಜೊತೆ ಕಟ್ಟಡಗಳನ್ನು ಸುತ್ತಿದಾಗ ಅರ್ಧ ದಿನದಲ್ಲೇ ಹುಮ್ಮಸ್ಸು ಇಳಿಯಿತು. ಹೊಸ ಗಾಜಿನ ಕಟ್ಟಡ ಅಗಲಕ್ಕೆ ಅಗಲ. ನಡುವೆ ನಿಂತರೆ ಕಿಟಕಿ ಎಲ್ಲೋ ದೂರದಲ್ಲಿ. ಕಿಟಕಿ ಇಲ್ಲದ ಮಲಗುವ ಕೋಣೆ ಯಾರಿಗೆ ಬೇಕು? ಇರುವ ಕಿಟಕಿಯೂ ತೆರೆಯಲ್ಲ. ನೀರಿನ ಪೈಪು, ಶೌಚಾಲಯ ಎಲ್ಲ ಲಿಫ್ಟ್ ಪಕ್ಕ ಒಂದೇ ಕಡೆ. ಹತ್ತು ಮನೆ ಮಾಡಿದರೆ ಹತ್ತು ಅಡುಗೆಮನೆಗೂ ಪೈಪು ಎಳೆಯಬೇಕು, ನೆಲ ಕೊರೆಯಬೇಕು.

ಮೂಲೆಯಲ್ಲೊಂದು ಹಳೇ ಕಟ್ಟಡ ಇತ್ತು. ಎಸಿ ಬರುವುದಕ್ಕಿಂತ ಮೊದಲು ಕಟ್ಟಿದ್ದು, ಕಡಿಮೆ ಅಗಲ, ಗಾಳಿ ಬೆಳಕಿಗಾಗಿ ಸಾಲು ಕಿಟಕಿ. "ಇದು ಆಗುತ್ತೆ" ಅಂದರು ಎಂಜಿನಿಯರ್. ಅದೇ ಕಟ್ಟಡವನ್ನು ನಾವು ಪೇಟೆಗೆ ಅವಮಾನ ಅಂತ ಕೆಡವಿಸಲು ಎರಡು ಸಲ ಅರ್ಜಿ ಕೊಟ್ಟಿದ್ದೆವು.

ಪರವಾನಗಿಗೇ ಒಂದು ವರ್ಷ ಹಿಡಿಯಿತು, ಕೆಲಸಕ್ಕೆ ಇನ್ನೊಂದೂವರೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಮುಗಿಯಿತು ಅಂದಾಗ ಆ ಕಟ್ಟಡಕ್ಕೆ ಇನ್ನೂ ಅಟ್ಟಣಿಗೆ ಕಟ್ಟಿಯೇ ಇತ್ತು. ಕೊನೆಗೆ ಹದಿನಾಲ್ಕು ಸಂಸಾರ ಬಂದವು. ಶುಕ್ರವಾರ ಇವತ್ತಿಗೂ ಮಂಕು, ಮಧ್ಯಾಹ್ನದ ಊಟದ ವ್ಯಾಪಾರ ಹಳೆಯ ಮಟ್ಟಕ್ಕೆ ಬಂದಿಲ್ಲ, ಬರುತ್ತದೆ ಅಂತ ನನಗೆ ಅನ್ನಿಸುವುದೂ ಇಲ್ಲ. ಎಣಿಸುವುದನ್ನು ಬಿಟ್ಟಿಲ್ಲ, ಆದರೆ ಈಗ ಬೀಗದ ಕೈಯವರೇ ಎಣಿಸಿಕೊಡುತ್ತಾರೆ. ಹೊಸ ಮನೆಗಳಿಗೆಲ್ಲ ಎರಡನೇ ಬೀಗದ ಕೈ ಅವರೇ ಮಾಡಿಕೊಟ್ಟಿದ್ದು.

ಹೋದ ತಿಂಗಳು ಸಂಘಕ್ಕೊಂದು ದೂರಿನ ಪತ್ರ ಬಂತು. ಭಾನುವಾರ ರಾತ್ರಿ ಬೀದಿಯಲ್ಲಿ ಗಲಾಟೆ ಜಾಸ್ತಿ, ಮಗು ಮಲಗುತ್ತಿಲ್ಲ, ಜೊತೆಗೆ ಆ ಹಳದಿ ದೀಪ ನೇರ ಕಿಟಕಿಗೆ ಹೊಡೆಯುತ್ತದೆ ಅಂತ. ಸಭೆಯಲ್ಲಿ ಓದಿ ಹೇಳಿದೆ. ದೀಪಕ್ಕೆ ಮರೆ ಹಾಕಿಸಲು ಎರಡೇ ನಿಮಿಷದಲ್ಲಿ ಎಲ್ಲರೂ ಒಪ್ಪಿದರು.